ಮಟ್ಟು ಕಟ್ಟಿದ ಅಮೀರಬಾಯಿ

(ಗದಗಿನಲ್ಲಿ ಸಂಗೀತಾಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಗದಗಿನವರ ಮುಂದೆ ನಿಂತು ಸಂಗೀತದ ಬಗ್ಗೆ ಮಾತನಾಡುವುದು ಅಕ್ಕಸಾಲಿಗನ ಮುಂದೆ ಬಂಗಾರದ ಬಣ್ಣ ವರ್ಣಿಸಿದ ಹಾಗೆ. ಪಂಚಾಕ್ಷರ ಗವಾಯಿಗಳು ನೆಲೆ ನಿಂತ ಊರು ಇದು. ಪುಟ್ಟರಾಜ ಗವಾಯಿಗಳು 2010ರಲ್ಲಿ ಕಣ್ಣು ಮುಚ್ಚುವವರೆಗೆ ಸಾವಿರಾರು ಮಕ್ಕಳಿಗೆ ಸ್ವರ ಹೇಳಿಕೊಟ್ಟ ಊರು. ಭೀಮಸೇನ ಜೋಶಿಯವರು ಚಹಾದಂಗಡಿಯ ಪ್ಲೇಟು ಕೇಳಿ ಮನೆ ಬಿಟ್ಟು ಹೋದ ಊರು. ಆದ್ದರಿಂದ ನಾನು ಶಾಸ್ತ್ರೀಯ ಸಂಗೀತದ ತಂಟೆಗೆ ಹೋಗುವುದಿಲ್ಲ. ಸಿನಿಮಾ ಹಾಡಿನ ಬಗ್ಗೆ, ಅದರಲ್ಲೂ ಹಿಂದಿ ಸಿನಿಮಾಕ್ಕೆ ಸಂಗೀತ ಕೊಟ್ಟ ನಮ್ಮ ಕಡೆಯ ಒಬ್ಬ ಹೆಣ್ಣುಮಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಮನೆಯ ಸುದ್ದಿ. ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಕೀಲಿ ಕೊಟ್ಟು ನುಡಿಸುವ ಒಂದು ಗ್ರಾಮಫೋನ್ ಇತ್ತು, ಏಳೆಂಟು ಪ್ಲೇಟುಗಳಿದ್ದವು. ಅವುಗಳಲ್ಲಿ ಒಂದರ ನಡುವಿನ ಕಾಗದ ಸವೆದು ಅಕ್ಷರ ಅಳಿಸಿಹೋಗಿದ್ದವು. ಅದರಲ್ಲಿದ್ದದ್ದು ಜೋಗುಳದಂಥ ಒಂದು ಹಾಡು. ನಮ್ಮ ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ. ಆದರೆ ಆ ಹಾಡಿನ ಧಾಟಿಯನ್ನು ಹಿಡಿದು, ತನ್ನದೇ ಕನ್ನಡ ಮಾತು ಸೇರಿಸಿ, ನಮ್ಮನ್ನೆಲ್ಲ ತೂಗಿ ಮಲಗಿಸುತ್ತಿದ್ದಳು. "ಯಾರು ಹಾಡ್ಯಾರ ಆಯಿ?" ಎಂದು ಕೇಳಿದರೆ "ನಮ್ಮ ಕಡೆಯಾಕೀನs ಅಂತಪಾ" ಎನ್ನುತ್ತಿದ್ದಳು. ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಅದು 1943ರ 'ಕಿಸ್ಮತ್' ಚಿತ್ರದ ಹಾಡು, ಹಾಡಿದವರು ಬೀಳಗಿಯ ಅಮೀರಬಾಯಿ ಕರ್ನಾಟಕಿ ಎಂದು ತಿಳಿಯುವ ಹೊತ್ತಿಗೆ ಅಜ್ಜಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಮೀರಬಾಯಿ ಹಾಡಿದ್ದಷ್ಟೇ ಅಲ್ಲ, ಒಂದು ಹಿಂದಿ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನವನ್ನೂ ಮಾಡಿದ್ದರು ಎಂಬುದು ನನಗೆ ಗೊತ್ತಾದದ್ದು ಇನ್ನೂ ತಡವಾಗಿ. ನನಗೆ ಮಾತ್ರವಲ್ಲ, ಹಾಡುಗಳನ್ನು ಬಾಯಿಪಾಠ ಬಲ್ಲ ಅನೇಕರಿಗೆ ಈ ಸಂಗತಿ ಹೊಸದು. ಇದೇಕೆ ಹೀಗೆ ಎಂಬ ಪ್ರಶ್ನೆಯೇ ಇಂದಿನ ಮಾತಿನ ಮೂಲ.

ಅಮೀರಬಾಯಿಯವರನ್ನು ಅರಿಯಬೇಕಾದರೆ ಮುಂಬಯಿಯ ಸ್ಟುಡಿಯೋಗಳಿಗಿಂತ ಮೊದಲು ನಮ್ಮ ನಾಟಕ ಕಂಪನಿಗಳ ಡೇರೆಯೊಳಗೆ ಇಣುಕಬೇಕು. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ಕಂಡ ಸಾಂಗ್ಲಿಯ ದೊರೆಯ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕ ಆಡಿಸಿದರು. ನಮ್ಮ ಶಿರಹಟ್ಟಿ ಆಗ ಆ ಸಾಂಗ್ಲಿ ಸಂಸ್ಥಾನಕ್ಕೇ ಸೇರಿದ್ದ ಊರು. ಹೀಗೆ ಹೋದದ್ದು ಬಡ್ಡಿ ಸಮೇತ ತಿರುಗಿ ಬಂತು. ಮರಾಠಿ ಕಂಪನಿಗಳು ಕನ್ನಡ ಊರುಗಳಲ್ಲಿ ಠಿಕಾಣಿ ಹೂಡತೊಡಗಿದವು. ಅವುಗಳಿಗೆ ಉತ್ತರವೆಂಬಂತೆ 1870ರ ದಶಕದಲ್ಲಿ ಸಕ್ಕರಿ ಬಾಳಾಚಾರ್ಯರು, ಅಂದರೆ ನಮ್ಮ ಶಾಂತಕವಿಗಳು, ಇದೇ ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಆಮೇಲೆ ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು, ಶಿರಹಟ್ಟಿ ವೆಂಕೋಬರಾಯರ ಕಂಪನಿ ಬಂತು. ಲಕ್ಷ್ಮೇಶ್ವರದ ಬಚ್ಚಾಸಾನಿಯವರು ಹೆಣ್ಣುಮಕ್ಕಳ ಮಂಡಳಿಯನ್ನೇ ಕಟ್ಟಿದರು. ಗಂಡಸರು ಸೀರೆಯುಟ್ಟು ದ್ರೌಪದಿಯಾಗುತ್ತಿದ್ದ ಕಾಲದಲ್ಲಿ ಅದು ಸಣ್ಣ ಮಾತಾಗಿರಲಿಲ್ಲ.

ಈ ಕಂಪನಿಗಳು ಅಲೆದದ್ದು ಹೆಚ್ಚಾಗಿ ರೈಲಿನ ದಾರಿಯಲ್ಲಿ. ಹುಬ್ಬಳ್ಳಿಯಿಂದ ಗದಗಿಗೆ, ಗದಗಿನಿಂದ ಬಾದಾಮಿ, ಬಾಗಲಕೋಟೆ, ವಿಜಯಪುರ ಹಾಯ್ದು ಸೊಲ್ಲಾಪುರದ ಹತ್ತಿರದ ಹೋಟಗಿಗೆ ಹೋಗುವ ಹಳಿ 1880ರ ದಶಕದಲ್ಲೇ ಬಿದ್ದಿತ್ತು. ಗದಗ ಜಂಕ್ಷನ್ನಿನಲ್ಲಿ ಹತ್ತಿಯ ಅಂಡಿಗೆಗಳ ಜೊತೆಗೆ ಪರದೆ, ಕಿರೀಟ, ಗದೆ, ಪೇಟಿಗಳೂ ಇಳಿಯುತ್ತಿದ್ದವು. ಹಾಡುಗಾರರೂ ಇಳಿಯುತ್ತಿದ್ದರು.

ಕಂಪನಿ ನಾಟಕದಲ್ಲಿ ಹಾಡಿಗೆ ಧಾಟಿ ಹೊಂದಿಸುವುದಕ್ಕೆ 'ಮಟ್ಟು ಕಟ್ಟುವುದು' ಎನ್ನುತ್ತಿದ್ದರು. ಪೇಟಿ ಮಾಸ್ತರರು ಒಂದು ಮಟ್ಟು ಹಿಡಿಯುತ್ತಿದ್ದರು. ಅದು ಒಂದು ಬಂದಿಶ್ ಆಗಿರಬಹುದು, ಹಂತಿಯ ಪದವಾಗಿರಬಹುದು, ಮರಾಠಿ ನಾಟ್ಯಗೀತವಾಗಿರಬಹುದು. ಅದಕ್ಕೆ ಕವಿಗಳು ಮಾತು ಕೂಡಿಸುತ್ತಿದ್ದರು. ಮರಾಠಿ ಸಂಗೀತ ನಾಟಕದ ದಾರಿ ತೆರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ನಾಟ್ಯಸಂಗೀತದಲ್ಲಿ ಕನ್ನಡ ಮಟ್ಟಿನ ಹಾಡುಗಳಿಗೆ ಬರವಿಲ್ಲ. ಹೀಗೆ ಮಟ್ಟುಗಳಿಗೆ ಗಡಿ ಇರಲಿಲ್ಲ, ಕಟ್ಟಿದವರ ಹೆಸರೂ ಬಹುಪಾಲು ಉಳಿಯಲಿಲ್ಲ. ನಾಟಕ ನೋಡಿ ಮನೆಗೆ ಹೋಗುವವನ ಬಾಯಲ್ಲಿ ಹಾಡು ಇರುತ್ತಿತ್ತು, ನಟನ ಹೆಸರು ಇರುತ್ತಿತ್ತು. ಪೇಟಿ ಮಾಸ್ತರರು ಪೇಟಿಯ ಹಿಂದೆಯೇ ಉಳಿಯುತ್ತಿದ್ದರು.

ಅಮೀರಬಾಯಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೀಳಗಿಯಲ್ಲಿ ಹುಟ್ಟಿದ್ದು ಇಂಥ ನಾಟಕ-ಸಂಗೀತದ ನಂಟಿದ್ದ ಮನೆತನದಲ್ಲಿ. ಬೀಳಗಿ ಆಗ ಅವಿಭಜಿತ ವಿಜಾಪುರ ಜಿಲ್ಲೆಯ ಊರು, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಅಕ್ಕ ಗೋಹರಬಾಯಿಯೂ ಹಾಡುಗಾರ್ತಿ, ನಟಿ. ಮುಂದೆ ಮರಾಠಿ ರಂಗಭೂಮಿಯ ಮೇರುನಟ ಬಾಲಗಂಧರ್ವರ ಕಂಪನಿ ಸೇರಿ, ಅವರ ಬಾಳಸಂಗಾತಿಯಾದವರು ಇವರೇ. ಅಕ್ಕನ ಬೆನ್ನು ಹಿಡಿದು ತಂಗಿಯೂ ಮುಂಬಯಿಗೆ ಹೋದರು. 1934ರ 'ವಿಷ್ಣುಭಕ್ತಿ' ಚಿತ್ರದಲ್ಲಿ ಅವರಿಗೆ ಪಾತ್ರ ಸಿಕ್ಕಿತು.

ಹೆಸರಿನ ವಿಚಾರ ಸ್ವಲ್ಪ ಹೇಳಬೇಕು. ಇಬ್ಬರೂ 'ಕರ್ನಾಟಕಿ' ಎಂದು ಹೆಸರಾದರು. ಆಗ ಕರ್ನಾಟಕ ಎಂಬ ರಾಜ್ಯ ಇರಲಿಲ್ಲ. ನಮ್ಮ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು. ಏಕೀಕರಣವಾದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ಬಹಳ ಮೊದಲೇ ದೇಶದ ತುಂಬ ಪ್ಲೇಟುಗಳ ಮೇಲೆ, ಪೋಸ್ಟರುಗಳ ಮೇಲೆ ಈ ಅಕ್ಕತಂಗಿಯರು ಆ ಹೆಸರನ್ನು ಹೊತ್ತು ತಿರುಗಿದ್ದರು. ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳು 1930ರ ದಶಕದಲ್ಲಿ 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಬಂದವು. ಹಾಡುವ ಮನೆತನದ ಹೆಣ್ಣಿಗೆ ಅಪ್ಪನ ಹೆಸರನ್ನೋ ಗಂಡನ ಹೆಸರನ್ನೋ ಸೇರಿಸಲು ಸಮಾಜ ಹಿಂಜರಿಯುತ್ತಿತ್ತು, ಊರು ಮಾತ್ರ ತನ್ನ ಹೆಸರನ್ನು ಕೊಟ್ಟಿತು. ಇದನ್ನು ಅಭಿಮಾನವೆನ್ನಬೇಕೋ ಅನಾಥಸ್ಥಿತಿಯೆನ್ನಬೇಕೋ ನೀವೇ ಯೋಚಿಸಿ.

ಪ್ಲೇಟಿಗೂ ಹೆಸರಿಗೂ ಇನ್ನೊಂದು ಕಥೆಯಿದೆ. ಭಾರತದಲ್ಲಿ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ. ಮೊದಲ ಗಾಯಕಿಯರಲ್ಲೊಬ್ಬರಾದ ಗೋಹರ್ ಜಾನ್ ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಕಾರಣ, ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯಲ್ಲಿ. ಯಾವ ಪ್ಲೇಟು ಯಾರದೆಂದು ಅಲ್ಲಿಯ ಕೆಲಸಗಾರನಿಗೆ ತಿಳಿಯಬೇಕಲ್ಲ! ಹೆಸರು ಉಳಿಯಬೇಕಾದರೆ ಕೂಗಿ ಹೇಳಬೇಕು ಎಂಬ ಪಾಠ ಅಂದೇ ಶುರುವಾಯಿತು.

1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್‌ನವರ 'ಧೂಪ್ ಛಾಂವ್' ಚಿತ್ರದಿಂದ ಹಿನ್ನೆಲೆ ಗಾಯನ ಬಳಕೆಗೆ ಬಂತು. ಅಂದರೆ ತೆರೆಯ ಮೇಲೆ ತುಟಿ ಆಡಿಸುವವರು ಒಬ್ಬರು, ಹಾಡುವವರು ಇನ್ನೊಬ್ಬರು. ಅಮೀರಬಾಯಿಯಂಥವರಿಗೆ ಇದರಿಂದ ದಾರಿ ತೆರೆಯಿತು. 1940ರ 'ನರಸಿ ಭಗತ್' ಚಿತ್ರದಲ್ಲಿ ಗಾಂಧೀಜಿಗೆ ಪ್ರಿಯವಾದ ನರಸಿ ಮೆಹ್ತಾರ ಭಜನೆಗೆ ಅವರೂ ದನಿಗೂಡಿಸಿದರು. 1943ರಲ್ಲಿ ಬಾಂಬೆ ಟಾಕೀಸಿನ 'ಕಿಸ್ಮತ್' ಬಂದಾಗ ಅವರ ಹೆಸರು ಮನೆಮಾತಾಯಿತು. ಸಂಗೀತ ಅನಿಲ್ ಬಿಸ್ವಾಸರದು, ಹಾಡು ಬರೆದವರು ಕವಿ ಪ್ರದೀಪ್. ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅದರಲ್ಲೊಂದು ದೇಶಭಕ್ತಿಯ ಹಾಡಿತ್ತು. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಆರಿರದ ದಿನಗಳು ಅವು. ವೈರಿಗಳೆಂದು ಜರ್ಮನರನ್ನೂ ಜಪಾನಿಗಳನ್ನೂ ಹೆಸರಿಸಿದ್ದರಿಂದ ಹಾಡು ಸೆನ್ಸಾರಿನವರ ಕಣ್ಣು ತಪ್ಪಿಸಿ ಪಾರಾಯಿತು. ನಿಜವಾದ ಗುರಿ ಯಾರೆಂಬುದು ಕೇಳಿದ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಆ ಹಾಡಿನಲ್ಲಿ ಖಾನ್ ಮಸ್ತಾನಾ ಅವರೊಂದಿಗೆ ಮೊಳಗಿದ್ದು ಬೀಳಗಿಯ ಕಂಠ.

ಆಮೇಲೆ ನಾಲ್ಕೈದು ವರ್ಷ ಅವರು ಹಿಂದಿರುಗಿ ನೋಡಲಿಲ್ಲ. 1944ರಲ್ಲಿ ನೌಷಾದರ 'ರತನ್', ಖೇಮಚಂದ್ ಪ್ರಕಾಶರ 'ಭರ್ತೃಹರಿ', 1947ರಲ್ಲಿ ಸಿ. ರಾಮಚಂದ್ರರ 'ಶಹನಾಯಿ'. ಗುಜರಾತಿಯ 'ರಾಣಕದೇವಿ' 1946ರಲ್ಲಿ ಬಂದ ಮೇಲೆ ಅಲ್ಲಿಯ ಜನ ಅವರನ್ನು ತಮ್ಮವರೆಂದೇ ತಿಳಿದರು. ಕನ್ನಡ ಮಣ್ಣಿನ ಈ ಹೆಣ್ಣುಮಗಳು ಹಿಂದಿ, ಉರ್ದು, ಗುಜರಾತಿಗಳ ಉಚ್ಚಾರವನ್ನು ಹೀಗೆ ನಾಲಗೆಗೆ ಒಗ್ಗಿಸಿಕೊಂಡದ್ದು ಬರೀ ದೈವದ ಕೊಡುಗೆಯಲ್ಲ. ನಾಲ್ಕು ಭಾಷೆ ಬೆರೆತ ನಾಟಕದ ಲೋಕ ಕಲಿಸಿದ ವಿದ್ಯೆ ಅದು.

ಮನೆಯೊಳಗಿನ ಬದುಕು ಮಾತ್ರ ಹಾಡಿನಷ್ಟು ಇಂಪಾಗಿರಲಿಲ್ಲ. ಖಳನಟ ಹಿಮಾಲಯವಾಲಾ ಅವರೊಂದಿಗಿನ ಮೊದಲ ಮದುವೆ ಅವರನ್ನು ಬಹಳ ನೋಯಿಸಿತು, ಬೇರ್ಪಡಬೇಕಾಯಿತು. ಮುಂದೆ 'ಪಾರಸ್' ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದ ಮೇಲೆ ನೆಮ್ಮದಿ ಕಂಡರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂಗೀತ ನಿರ್ದೇಶಕ ಎಂದರೆ ಯಾರು? ಧಾಟಿ ಹೊಳೆಯುವುದು ಕೆಲಸದ ಮೊದಲ ಭಾಗವಷ್ಟೇ. ಅಂದಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರೂಕಾಲು ನಿಮಿಷದ ಹಾಡು. ಬೆಳತನಕ ಹಾಡಬಹುದಾದ ರಾಗವನ್ನು ಅಷ್ಟರಲ್ಲಿ ಅಡಕಬೇಕು. ಪಲ್ಲವಿ ಕೂಡಲೇ ಕಿವಿಗೆ ಅಂಟಬೇಕು. ಎರಡೋ ಮೂರೋ ಚರಣ ಬರಬೇಕು. ನಡುನಡುವೆ ವಾದ್ಯಗಳು ಮಾತಾಡಬೇಕು. ಕವಿಯ ಜೊತೆ ಕೂತು ಅಕ್ಷರ ಹೆಚ್ಚು ಕಡಿಮೆ ಮಾಡಿಸಬೇಕು. ಯಾವ ಕಂಠ, ಯಾವ ವಾದ್ಯ ಎಂದು ನಿರ್ಧರಿಸಬೇಕು. ಹತ್ತಾರು ವಾದ್ಯಗಾರರನ್ನು ಕೂಡಿಸಿ ತಾಲೀಮು ಮಾಡಿಸಬೇಕು. ನಿರ್ಮಾಪಕ 'ಇದು ಬ್ಯಾಡ' ಎಂದರೆ ಎದುರಾಡುವ ಗಟ್ಟಿತನವೂ ಬೇಕು. ಹಾಡುವವರು ಹೇಳಿದ್ದನ್ನು ಹಾಡಬೇಕು. ಹೇಳುವ ಅಧಿಕಾರ ಇರುವುದು ಆ ಒಂದು ಕುರ್ಚಿಗೆ.

ಆ ಕುರ್ಚಿಯ ಬಲ ಎಂಥದು ಎಂಬುದಕ್ಕೆ ನಿಮ್ಮೂರಿನದೇ ಉದಾಹರಣೆ ಕೊಡುತ್ತೇನೆ. 1956ರಲ್ಲಿ 'ಬಸಂತ್ ಬಹಾರ್' ಬಂತು. ಅದರ ಮೂಲ ನಮ್ಮ ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿ. ಸಂಗೀತ ಶಂಕರ್-ಜೈಕಿಶನ್ ಜೋಡಿಯದು. ಆಸ್ಥಾನದಲ್ಲಿ ಇಬ್ಬರು ಗಾಯಕರ ಪೈಪೋಟಿಯ ಹಾಡಿಗೆ ಅವರು ಒಂದು ಕಡೆ ಮನ್ನಾಡೇ ಅವರನ್ನು, ಇನ್ನೊಂದು ಕಡೆ ಭೀಮಸೇನ ಜೋಶಿಯವರನ್ನು ನಿಲ್ಲಿಸಿದರು. ಕಥೆಯ ಪ್ರಕಾರ ಸೋಲಬೇಕಾದದ್ದು ಭೀಮಸೇನರ ದನಿ! ಇದನ್ನು ಕೇಳಿ ಮನ್ನಾಡೇ ಕಂಗಾಲಾಗಿ, ಮುಂಬಯಿ ಬಿಟ್ಟು ಓಡಿಹೋಗಲು ಯೋಚಿಸಿದ್ದನ್ನು ತಾವೇ ಹೇಳಿಕೊಂಡಿದ್ದಾರೆ. ಮಡದಿ ಧೈರ್ಯ ಹೇಳಿದ ಮೇಲೆ ಉಳಿದು ಹಾಡಿದರು. ಗದಗಿನ ಸಿಂಹಕಂಠವನ್ನು ಮೂರ್ನಾಲ್ಕು ನಿಮಿಷದ ಚೌಕಟ್ಟಿಗೆ ಕೂಡಿಸಿ, ಕಥೆಗೆ ಬೇಕಾದಂತೆ ಸೋಲಿಸುವ ಅಧಿಕಾರ ಸಂಗೀತ ನಿರ್ದೇಶಕನ ಕುರ್ಚಿಗಿತ್ತು. ಅದರ ಮೇಲೆ ಹೆಣ್ಣುಮಗಳೊಬ್ಬಳು ಕೂರುವುದೆಂದರೆ ಏನೆಂದು ಈಗ ಊಹಿಸಿಕೊಳ್ಳಿ.

ಕೂತವರು ಇಲ್ಲದಿರಲಿಲ್ಲ. 1930ರ ದಶಕದ ನಡುವಿನಲ್ಲಿ ನರ್ಗೀಸರ ತಾಯಿ ಜದ್ದನ್‌ಬಾಯಿ ತಮ್ಮ 'ತಲಾಶ್-ಎ-ಹಕ್' ಚಿತ್ರಕ್ಕೆ ಸಂಗೀತ ಕೊಟ್ಟರು. ಬಾಂಬೆ ಟಾಕೀಸಿನಲ್ಲಿ ಸರಸ್ವತಿ ದೇವಿ ಇದ್ದರು. ಅವರ ನಿಜವಾದ ಹೆಸರು ಖುರ್ಷಿದ್ ಹೋಮ್‌ಜಿ, ಪಾರಸಿ ಮನೆತನದವರು. ಪಾರಸಿ ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗಬಾರದೆಂದು ಆ ಸಮಾಜದಲ್ಲಿ ದೊಡ್ಡ ಗಲಾಟೆ ಎದ್ದಿತು. ಹೆಸರು ಬದಲಿಸಿಕೊಂಡರು, ಕೆಲಸ ಬಿಡಲಿಲ್ಲ. 1936ರ 'ಅಛೂತ್ ಕನ್ಯಾ' ಚಿತ್ರದ ಸಂಗೀತ ಅವರದೇ. ಅವರಿಗೆ ಒಂದು ಸ್ಟುಡಿಯೋದ ಆಸರೆ, ತಿಂಗಳ ಸಂಬಳ, ಖಾಯಂ ವಾದ್ಯಗಾರರ ತಂಡ ಇತ್ತು ಎಂಬುದನ್ನು ಮರೆಯಬಾರದು.

ಅಮೀರಬಾಯಿ ಈ ಕುರ್ಚಿ ಏರಿದ್ದು 1948ರ 'ಶಹನಾಜ್' ಚಿತ್ರದಲ್ಲಿ. ಬಿಸ್ವಾಸ್, ನೌಷಾದ್, ಖೇಮಚಂದ್, ರಾಮಚಂದ್ರರಂಥ ಘಟಾನುಘಟಿಗಳ ಕೈಯಲ್ಲಿ ಹಾಡಿ ಪಳಗಿದ ಮೇಲೆ ತಾವೇ ಮಟ್ಟು ಕಟ್ಟಿದರು. ಇದು ಗಾಯಕಿಯ ಹುಚ್ಚು ಹವ್ಯಾಸವಾಗಿರಲಿಲ್ಲ, ಡೇರೆಯಲ್ಲಿ ಶುರುವಾದ ವಿದ್ಯೆಯ ಮುಂದಿನ ಮೆಟ್ಟಿಲಾಗಿತ್ತು. ಆದರೆ ಆ ದಾರಿಯಲ್ಲಿ ಅವರು ಬಹಳ ದೂರ ಹೋಗಲಿಲ್ಲ. ಇಂದು ಸಂಗೀತ ನಿರ್ದೇಶಕಿಯಾಗಿ ಅವರನ್ನು ನೆನೆಯುವಾಗ ನಮ್ಮ ಬಾಯಿಗೆ ಬರುವುದು ಈ ಒಂದೇ ಚಿತ್ರ.

ಏಕೆ? ಪ್ರತಿಭೆ ಸಾಲಲಿಲ್ಲ ಎಂದು ಹೇಳಿಬಿಡುವುದು ಸುಲಭ. ನಾನು ಕಾಲದ ಕಡೆ ಬೆರಳು ತೋರಿಸುತ್ತೇನೆ. 1947ರ ದೇಶವಿಭಜನೆ ಮುಂಬಯಿಯ ಸಂಗೀತ ಲೋಕವನ್ನೇ ಸೀಳಿತು. ನೂರ್ ಜಹಾನ್ ಹೋದರು, ಗುಲಾಮ್ ಹೈದರ್ ಹೋದರು, ಖುರ್ಷಿದ್ ಹೋದರು. ಅಮೀರಬಾಯಿ ಇಲ್ಲೇ ಉಳಿದರು. ಅದೇ ಹೊತ್ತಿಗೆ ಸಂಬಳ ಕೊಟ್ಟು ಸಾಕುತ್ತಿದ್ದ ಹಳೆಯ ಸ್ಟುಡಿಯೋಗಳು ಬಾಗಿಲು ಮುಚ್ಚತೊಡಗಿದವು. ಯುದ್ಧಕಾಲದ ಹಣದಿಂದ ಹುಟ್ಟಿದ ಬಿಡಿ ನಿರ್ಮಾಪಕರು ಬಂದರು. ಅವರಿಗೆ ಬೇಕಾದದ್ದು ಬೇಗ ಲಾಭ ತರುವ ಹೆಸರು. 1949ರಲ್ಲಿ 'ಬರ್ಸಾತ್', 'ಅಂದಾಜ್', 'ಮಹಲ್' ಮೂರೂ ಬಂದವು. ದೊಡ್ಡ ವಾದ್ಯವೃಂದ ಬಂತು, ಲತಾ ಮಂಗೇಶಕರರ ತೆಳುವಾದ, ಎತ್ತರದ ದನಿ ಬಂತು. ಡೇರೆಯ ಕೊನೆಯ ಸಾಲಿಗೆ ಮೈಕಿಲ್ಲದೆ ಮುಟ್ಟಬೇಕಾಗಿದ್ದ ತುಂಬು ಕಂಠ ಮೈಕಿನ ಮುಂದೆ ಭಾರವೆನಿಸತೊಡಗಿತು. ಜೋಹ್ರಾಬಾಯಿಗೂ ಆದದ್ದು ಇದೇ. ಹಾಡುವ ಕೆಲಸವೇ ಕೈತಪ್ಪುವಾಗ ಸಂಗೀತ ನಿರ್ದೇಶನ ಯಾರು ಕೊಡುತ್ತಾರೆ? ಅಮೀರಬಾಯಿ ಸಣ್ಣಪುಟ್ಟ ಪೋಷಕ ಪಾತ್ರಗಳಿಗೆ ತಿರುಗಿದರು.

ಇದಕ್ಕೆ ಎದುರು ಮಾತೂ ಇದೆ. 1959ರಲ್ಲಿ 'ದಿಲ್ ದೇಕೇ ದೇಖೋ' ಚಿತ್ರದಿಂದ ಉಷಾ ಖನ್ನಾ ಬಂದು ದಶಕಗಳ ಕಾಲ ನಿಂತರಲ್ಲ ಎನ್ನಬಹುದು. ನಿಜ. ಆದರೆ ಅವರ ಹಿಂದೆ ಮುಂದೆ ಎಣಿಸಿದರೆ ಎಷ್ಟು ಹೆಣ್ಣುಮಕ್ಕಳ ಹೆಸರು ಸಿಗುತ್ತದೆ? ಲತಾ, ಆಶಾ, ಗೀತಾ ದತ್ ಎಂದು ಹಾಡುವವರನ್ನು ಎಣಿಸಲು ಎರಡು ಕೈ ಸಾಲದು. ಮಟ್ಟು ಕಟ್ಟಿದವರಿಗೆ ಒಂದು ಕೈಯ ಬೆರಳೇ ಮಿಗುತ್ತವೆ. ಹೆಣ್ಣಿನ ದನಿ ಎಲ್ಲರಿಗೂ ಬೇಕಾಗಿತ್ತು. ಅವಳ ನಿರ್ಧಾರ ಬೇಕಾಗಿರಲಿಲ್ಲ.

ಅಮೀರಬಾಯಿ ಕೊನೆಯ ದಿನಗಳಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ 1965ರ ಮಾರ್ಚ್ 3ರಂದು ತೀರಿಕೊಂಡರು. ಅಕ್ಕ ಗೋಹರಬಾಯಿ ಅದಕ್ಕೆ ಕೊಂಚ ಮೊದಲೇ ಹೋಗಿದ್ದರು. ವಿಜಯಪುರದ ಅಮೀರ್ ಟಾಕೀಜ್ ಎಂಬ ಚಿತ್ರಮಂದಿರದ ಹೆಸರಿನಲ್ಲಿ ಬಹುಕಾಲ ಅವರ ನೆನಪಿತ್ತು. ಕನ್ನಡದಲ್ಲಿ ಅವರ ಬದುಕನ್ನು ಹುಡುಕಿ ಪುಸ್ತಕವಾಗಿಸಿದವರು ರಹಮತ್ ತರೀಕೆರೆ. ಆ ಕೆಲಸ ಆಗದಿದ್ದರೆ ನನ್ನಂಥವರಿಗೆ ನಮ್ಮ ಅಜ್ಜಿಯ "ನಮ್ಮ ಕಡೆಯಾಕೀನs" ಎಂಬ ಮಾತೇ ಕೊನೆಯ ದಾಖಲೆಯಾಗಿರುತ್ತಿತ್ತು.

ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಯ ಸಂಗೀತ ಶಾಲೆಗಳಲ್ಲಿ ಇಂದು ಪೇಟಿಯ ಮುಂದೆ ಕೂತ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಅವರಿಗೆ "ಚಂದ ಹಾಡತಿ" ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. "ನೀನs ಒಂದು ಮಟ್ಟು ಕಟ್ಟು ನೋಡೋಣ" ಎಂದು ಹೇಳುವ ಗುರುಗಳು ಬೇಕು. ಹಾಗೆಯೇ ನಾವು ಕೇಳುಗರೂ ಒಂದು ರೂಢಿ ಹಚ್ಚಿಕೊಳ್ಳಬೇಕು. ಒಳ್ಳೆಯ ಹಾಡು ಕೇಳಿದಾಗ ಹಾಡಿದವರು ಯಾರು ಎಂಬಲ್ಲಿಗೆ ನಿಲ್ಲಬಾರದು. ಬರೆದವರು ಯಾರು, ಧಾಟಿ ಕಟ್ಟಿದವರು ಯಾರು ಎಂದು ಇನ್ನೆರಡು ಪ್ರಶ್ನೆ ಕೇಳಬೇಕು. ಮೊಬೈಲಿನಲ್ಲಿ ಹಾಡು ಒಂದು ಕ್ಷಣಕ್ಕೆ ಸಿಗುವ ಈ ಕಾಲದಲ್ಲಿ ಹೆಸರು ಕಳೆದುಹೋಗುವುದು ಇನ್ನೂ ಸಲೀಸು.

ನಮ್ಮ ಮನೆಯ ಆ ಹಳೆಯ ಪ್ಲೇಟು ಈಗಲೂ ಇದೆ. ಗ್ರಾಮಫೋನು ಕೆಟ್ಟು ಬಹಳ ವರ್ಷಗಳಾದವು, ನುಡಿಸಲು ಆಗುವುದಿಲ್ಲ. ಕಳೆದ ವರ್ಷ ಅದಕ್ಕೊಂದು ದಪ್ಪ ಕಾಗದದ ಲಕೋಟೆ ಮಾಡಿ, ಮೇಲೆ ಕನ್ನಡದಲ್ಲಿ ಬರೆದಿಟ್ಟೆ: ಗೀತೆ, ಪ್ರದೀಪ್, ಸಂಗೀತ, ಅನಿಲ್ ಬಿಸ್ವಾಸ್, ಗಾಯನ, ಅಮೀರಬಾಯಿ ಕರ್ನಾಟಕಿ, ಬೀಳಗಿ. ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಅಲ್ಲಿ ಇನ್ನೊಂದು ಸಾಲು ಸೇರಿಸಿದೆ: ಇವರು 1948ರಲ್ಲಿ ತಾವೇ ಸಂಗೀತ ನಿರ್ದೇಶಕರಾಗಿದ್ದರು.